ಹಾರ್ಟ್ ಆಪರೇಷನ್‌ಗೆ ತುಂಬಾ ಹೆದರಿಕೆ. ನನ್ನ ವಿಶ್ವಾಸವೇ ಕಡಿಮೆಯಾ?

ಹಸಿರುಗಾವಲು ಕೇಳಿದ ಪ್ರಶ್ನೆ:

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು.

ನನ್ನ ಹೃದಯದ ಒಂದು ವಾಲ್ವ್ ತುಂಬಾ ಕಿರಿದಾಗಿದೆ. ಅಯೋರ್ಟಿಕ್ ವಾಲ್ವ್ ಅನ್ನುತ್ತಾರೆ. ಎದೆ ತೆರೆದು ಅದನ್ನು ಬದಲಾಯಿಸಬೇಕಂತೆ. ಮುಂದಿನ ತಿಂಗಳು ಆಪರೇಷನ್. ಡಾಕ್ಟರ್ ಒಳ್ಳೆಯವರು, ಹಾಳೆಯ ಮೇಲೆ ಚಿತ್ರ ಬರೆದು ನಿಧಾನವಾಗಿ ವಿವರಿಸಿದರು. ಎಲ್ಲಾ ಅರ್ಥವಾಯಿತು. ಒಂದು ಮಾತು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ವಾಲ್ವ್ ಹೊಲಿಯುವಾಗ ಹೃದಯ ಬಡಿಯುತ್ತಾ ಇರಬಾರದು, ಅದಕ್ಕೆ ಸ್ವಲ್ಪ ಹೊತ್ತು ನಿಲ್ಲಿಸುತ್ತೇವೆ ಅಂದರು.

ಆವತ್ತಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಎಡಮಗ್ಗುಲಲ್ಲಿ ಮಲಗಿದರೆ ದಿಂಬಿನಲ್ಲಿ ನನ್ನ ಎದೆಬಡಿತವೇ ಕೇಳಿಸುತ್ತದೆ. ಕೇಳಿಸಿದರೂ ಭಯ, ಒಂದು ಬಡಿತ ತಪ್ಪಿದ ಹಾಗೆ ಅನಿಸಿದರೂ ಭಯ. ಕೆಲವು ಸಲ ಉಸಿರು ಕಟ್ಟಿದ ಹಾಗಾಗಿ ಎದ್ದು ಕೂರುತ್ತೇನೆ.

ನಾನು ಸಭೆಯಲ್ಲೇ, ಅಂದರೆ ಚರ್ಚ್‌ನಲ್ಲೇ, ಬೆಳೆದವಳು. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಯೇಸು ಬಿರುಗಾಳಿಯನ್ನು ಗದರಿಸಿದ ಕಥೆ ಬಂದಾಗ ಮಕ್ಕಳನ್ನೆಲ್ಲಾ ದೋಣಿಯ ಹಾಗೆ ಸಾಲಾಗಿ ಕೂರಿಸಿ, ಆ ಕಡೆ ಈ ಕಡೆ ತೂಗಾಡಿಸಿ ಹೇಳಿಕೊಡುತ್ತೇನೆ. ಯಾಕೆ ಹೆದರುತ್ತೀರಿ, ಇನ್ನೂ ನಿಮಗೆ ನಂಬಿಕೆ ಇಲ್ಲವಾ ಅಂತ ಸ್ವಾಮಿ ಶಿಷ್ಯರನ್ನು ಕೇಳುವ ಮಾತು ಈಗ ನನ್ನನ್ನೇ ಕೇಳಿದ ಹಾಗೆ ಆಗುತ್ತಿದೆ.

ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡೆ. ಹಿರಿಯರೊಬ್ಬರು, ಭಯ ಇರುವ ಕಡೆ ವಿಶ್ವಾಸ ಇರಲ್ಲಮ್ಮ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ನನಗೆ ಅವರ ಮೇಲೆ ಬೇಜಾರಿಲ್ಲ. ಆದರೆ ಈಗ ನನಗೆ ಎರಡು ಹೆದರಿಕೆ. ಆಪರೇಷನ್ ಒಂದು. ಇಷ್ಟು ವರ್ಷ ನಂಬಿದ್ದು ಬರೀ ಬಾಯಿಮಾತಾಗಿತ್ತಾ ಅನ್ನುವುದು ಇನ್ನೊಂದು.

ಮತ್ತೆ, ಮಂಪರು ಕೊಟ್ಟ ಮೇಲೆ ನಾನು ಪ್ರಾರ್ಥನೆ ಮಾಡಲಾರೆ ಅಲ್ವಾ? ಹೃದಯ ನಿಂತಿರುತ್ತದೆ, ಎಚ್ಚರವೂ ಇರುವುದಿಲ್ಲ. ದೇವರ ಹೆಸರು ಹೇಳುವುದಕ್ಕೂ ಆಗದ ಆ ಹೊತ್ತಿನ ಬಗ್ಗೆಯೇ ನನಗೆ ಜಾಸ್ತಿ ಭಯ.

ದಯವಿಟ್ಟು ಬರೀ ಬೈಬಲ್ ವಾಕ್ಯ ಕಳಿಸಬೇಡಿ. ವಾಕ್ಯಗಳು ಬಾಯಿಪಾಠ ಇವೆ. ಹೆದರಿಕೆ ಬಂದ ಹೊತ್ತಿನಲ್ಲಿ ಅವನ್ನು ಹಿಡಿದುಕೊಳ್ಳುವುದು ಹೇಗೆ ಅಂತ ಹೇಳಿ.

ಜಯಧ್ವನಿ:

ಪ್ರೈಸ್ ದ ಲಾರ್ಡ್ ಸಿಸ್ಟರ್. ದೇವರು ನಮಗೆ ಕೊಟ್ಟಿರುವುದು ಹೇಡಿತನದ ಆತ್ಮ ಅಲ್ಲ, ಬಲ, ಪ್ರೀತಿ, ಶಿಸ್ತಿನ ಆತ್ಮ. 2 ತಿಮೊಥೆ 1:7. ವಾಕ್ಯ ಬೇಡ ಅಂದಿದ್ದೀರಿ, ಕ್ಷಮಿಸಿ, ಆದರೆ ನನಗೆ ಗೊತ್ತಿರುವ ಔಷಧಿ ಇದೇ. ಭಯ ಬಂದ ಕೂಡಲೇ ಯೇಸುವಿನ ನಾಮದಲ್ಲಿ ಅದಕ್ಕೆ ಹೋಗು ಅಂತ ಆಜ್ಞೆ ಮಾಡಿ. ಒಳಗೆ ಇಟ್ಟುಕೊಳ್ಳಬೇಡಿ. ನಮ್ಮ ಮನೆಯ ಪ್ರಾರ್ಥನೆಯಲ್ಲಿ ನಿಮ್ಮನ್ನು ನೆನೆಯುತ್ತೇವೆ.

ಓಟಿ ಸಿಸ್ಟರ್:

ಅಕ್ಕ, ನಾನು ಹಾರ್ಟ್ ಆಪರೇಷನ್ ಥಿಯೇಟರ್‌ನಲ್ಲಿ ಕೆಲಸ ಮಾಡುವ ನರ್ಸ್. ವಿಶ್ವಾಸಿಯೂ ಹೌದು. ನಿಮ್ಮ ಪ್ರಶ್ನೆ ಓದಿ ಡ್ಯೂಟಿ ಮುಗಿದ ಮೇಲೆ ಕೂತು ಬರೆಯುತ್ತಿದ್ದೇನೆ. ಉದ್ದವಾಗುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯ. ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುತ್ತೇನೆ ಅಂದಿದ್ದೀರಿ. ಅದನ್ನು ಹೆದರಿಕೆ ಅಂತ ನೀವೇ ತೀರ್ಮಾನ ಮಾಡಬೇಡಿ. ವಾಲ್ವ್ ಕಿರಿದಾದವರಿಗೆ ಹೃದಯಕ್ಕೆ ಕೆಲಸ ಜಾಸ್ತಿಯಾಗಿ ಅಂಗಾತ ಮಲಗಿದಾಗ ಉಸಿರಾಟ ಕಷ್ಟವಾಗಬಹುದು. ನಡೆಯುವಾಗ ಎದೆನೋವು, ತಲೆ ತಿರುಗಿ ಬೀಳುವ ಹಾಗಾಗುವುದು ಇದ್ದರೆ ಅದನ್ನೂ ಸೇರಿಸಿ ನಾಳೆಯೇ ಡಾಕ್ಟರ್‌ಗೆ ಫೋನ್ ಮಾಡಿ ಹೇಳಿ. ಮುಂದಿನ ತಿಂಗಳು ಹೋಗ್ತೀನಲ್ಲ ಅಂತ ಸುಮ್ನೆ ಇರಬೇಡಿ. ಆಪರೇಷನ್ ಅನ್ನೇ ಇನ್ನೂ ಬೇಗ ಮಾಡಬೇಕು ಅಂತ ಅವರು ಅನ್ನಬಹುದು.

ಈಗ ಹೃದಯ ನಿಲ್ಲಿಸುವ ವಿಷಯ. ನಿಮ್ಮ ಭಯ ಇರುವುದು ಅಲ್ಲೇ, ಹಾಗಾಗಿ ಅಲ್ಲಿ ನಿಜವಾಗಿ ಏನಾಗುತ್ತದೆ ಅಂತ ಹೇಳುತ್ತೇನೆ. ಹೃದಯ ನಿಲ್ಲುವ ಮೊದಲೇ ಹಾರ್ಟ್ ಲಂಗ್ ಮೆಷಿನ್ ರಕ್ತ ಹರಿಸುವ ಕೆಲಸ ವಹಿಸಿಕೊಂಡಿರುತ್ತದೆ. ರಕ್ತಕ್ಕೆ ಆಮ್ಲಜನಕ ಸೇರಿಸಿ ಮೈಗೆಲ್ಲಾ ಕಳಿಸುತ್ತಿರುತ್ತದೆ. ಅದರ ಪಕ್ಕದಲ್ಲೇ ಒಬ್ಬರು ಕೂತಿರುತ್ತಾರೆ, ಅವರ ಕೆಲಸವೇ ಅದು, ಕಣ್ಣು ಆ ಕಡೆ ಈ ಕಡೆ ಹೋಗುವುದಿಲ್ಲ. ಇಂಥ ಮೆಷಿನ್ ಬಳಸಿ ಮೊದಲ ಬಾರಿ ಯಶಸ್ವಿಯಾಗಿ ಹೃದಯದ ಆಪರೇಷನ್ ಮಾಡಿದ್ದು ಡಾಕ್ಟರ್ ಜಾನ್ ಗಿಬ್ಬನ್, 1953ರಲ್ಲಿ. ಅಂದರೆ ನಾನು, ನೀವು, ನಿಮ್ಮ ಡಾಕ್ಟರ್ ಯಾರೂ ಈ ದಾರಿಯಲ್ಲಿ ಮೊದಲಿಗರಲ್ಲ.

ಮೆಷಿನ್ ಹೊಣೆ ಹೊತ್ತ ಮೇಲೆ, ಪೊಟ್ಯಾಸಿಯಂ ಜಾಸ್ತಿ ಇರುವ ದ್ರಾವಣವನ್ನು ಹೃದಯದ ರಕ್ತನಾಳಗಳಿಗೆ ಬಿಡುತ್ತಾರೆ. ಸಾಮಾನ್ಯವಾಗಿ ತಣ್ಣಗಿರುತ್ತದೆ. ಹೃದಯ ನಿಧಾನವಾಗಿ ಸಡಿಲಾಗಿ ನಿಲ್ಲುತ್ತದೆ. ಹೃದಯದ ಸ್ನಾಯು ಹಾಳಾಗದೆ ಇರಲಿ ಅಂತಲೇ ಕೊಡುವ ವಿಶ್ರಾಂತಿ ಅದು. ವಾಲ್ವ್ ಕೂರಿಸಿ ಹೊಲಿದ ಮೇಲೆ, ರಕ್ತನಾಳ ಮುಚ್ಚಲು ಹಾಕಿದ ಕ್ಲ್ಯಾಂಪ್ ತೆಗೆಯುತ್ತಾರೆ. ಬೆಚ್ಚಗಿನ ರಕ್ತ ಮತ್ತೆ ಒಳಗೆ ಹೋಗುತ್ತದೆ. ಮೊದಲು ಸಣ್ಣಗೆ ಅದುರುತ್ತದೆ, ಅಲ್ಲಲ್ಲಿ ಒಂದು ಮಿಡಿತ ಕಾಣುತ್ತದೆ, ಆಮೇಲೆ ಲಯ ಹಿಡಿಯುತ್ತದೆ. ಕೆಲವರಿಗೆ ತಾನಾಗಿಯೇ ಶುರುವಾಗುತ್ತದೆ, ಕೆಲವರಿಗೆ ಸಣ್ಣ ಕರೆಂಟ್ ಕೊಡಬೇಕಾಗುತ್ತದೆ. ನಾನು ದಿನಾ ನೋಡುವ ಕೆಲಸ ಇದು. ಆದರೂ ಆ ಗಳಿಗೆಯಲ್ಲಿ ಮಾಸ್ಕ್ ಒಳಗೇ ಸ್ತೋತ್ರ ಅನ್ನುತ್ತೇನೆ. ಅಭ್ಯಾಸಕ್ಕೆ ಹೇಳುವುದಲ್ಲ, ನೋಡಿದಾಗ ಬಾಯಿಗೆ ಬರುತ್ತದೆ.

ಇಷ್ಟೆಲ್ಲಾ ಗೊತ್ತಿದ್ದರೆ ಹೆದರಿಕೆ ಹೋಗುತ್ತದಾ? ಪೂರ್ತಿ ಹೋಗುವುದಿಲ್ಲ. ನನಗೂ ಒಂದು ಆಪರೇಷನ್ ಆಗಿದೆ, ಹೊಟ್ಟೆಯದು. ಯಾವ ಇಂಜೆಕ್ಷನ್ ಯಾಕೆ ಅಂತ ಎಲ್ಲಾ ಗೊತ್ತಿತ್ತು. ಆದರೂ ಟ್ರಾಲಿಯ ಮೇಲೆ ಮಲಗಿ ಥಿಯೇಟರ್‌ಗೆ ಹೋಗುವಾಗ ಹಲ್ಲು ಕಟಕಟ ಅನ್ನುತ್ತಿತ್ತು. ಆಗಲೂ ನನಗೆ ವಿಶ್ವಾಸ ಇತ್ತು. ಎರಡೂ ಒಟ್ಟಿಗೇ ಇದ್ದವು.

ನೀವು ಮಕ್ಕಳಿಗೆ ದಾವೀದನ ಪಾಠ ಮಾಡಿರುತ್ತೀರಿ. ದೈತ್ಯ ಗೊಲ್ಯಾತನನ್ನು ಕೊಂದ ಭಾಗವನ್ನು ಎಲ್ಲರೂ ಮಾಡುತ್ತಾರೆ. 1 ಸಮುವೇಲ 21 ಒಂದು ಸಲ ಓದಿ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನಿಂದ ತಪ್ಪಿಸಿಕೊಂಡು ದಾವೀದ ಗತ್ ಊರಿಗೆ ಓಡುತ್ತಾನೆ. ಗೊಲ್ಯಾತನ ಊರೇ ಅದು. ಯಾಜಕನ ಹತ್ತಿರ ಗೊಲ್ಯಾತನ ಕತ್ತಿಯನ್ನೂ ಕೇಳಿ ತೆಗೆದುಕೊಂಡಿರುತ್ತಾನೆ. ಅಲ್ಲಿನ ಅರಸನ ಸೇವಕರು ಇವನನ್ನು ಗುರುತು ಹಿಡಿಯುತ್ತಾರೆ. ದಾವೀದ ಬಹಳ ಹೆದರಿದ ಅಂತ ಅಲ್ಲಿ ನೇರವಾಗಿ ಬರೆದಿದೆ. ಹುಚ್ಚನ ಹಾಗೆ ನಟಿಸುತ್ತಾನೆ, ಬಾಗಿಲುಗಳ ಮೇಲೆ ಗೀಚುತ್ತಾನೆ, ಗಡ್ಡದ ಮೇಲೆ ಜೊಲ್ಲು ಸುರಿಸುತ್ತಾನೆ. ದೈತ್ಯನ ಮುಂದೆ ನಿಂತ ಅದೇ ಮನುಷ್ಯ.

56ನೇ ಕೀರ್ತನೆಯ ತಲೆಬರಹ ನೋಡಿ, ಗತ್‌ನಲ್ಲಿ ಫಿಲಿಷ್ಟಿಯರು ಹಿಡಿದಾಗಿನದು ಅಂತಿದೆ. ಅದರ 3ನೇ ವಚನದಲ್ಲಿ, ನನಗೆ ಹೆದರಿಕೆ ಆದಾಗ ನಿನ್ನನ್ನೇ ನಂಬುತ್ತೇನೆ ಅನ್ನುತ್ತಾನೆ. 4ನೇ ವಚನದಲ್ಲಿ, ನಂಬಿದ್ದೇನೆ, ಹೆದರುವುದಿಲ್ಲ ಅನ್ನುತ್ತಾನೆ. ಅಷ್ಟಕ್ಕೆ ಮುಗಿಯುವುದಿಲ್ಲ. ಮತ್ತೆ ಶತ್ರುಗಳು ಹೊಂಚು ಹಾಕುವ ಮಾತು ಬರುತ್ತದೆ, ಕಣ್ಣೀರಿನ ಮಾತು ಬರುತ್ತದೆ, 11ನೇ ವಚನದಲ್ಲಿ ಮತ್ತೆ ಮೊದಲಿನಿಂದ, ನಂಬಿದ್ದೇನೆ, ಹೆದರುವುದಿಲ್ಲ. ಒಂದೇ ಕೀರ್ತನೆಯಲ್ಲಿ ಎರಡೆರಡು ಸಲ ಹೇಳಿಕೊಳ್ಳಬೇಕಾಯಿತು ಅವನಿಗೆ. ನಿಮಗೆ ಒಂದೇ ರಾತ್ರಿಯಲ್ಲಿ ಹತ್ತು ಸಲ ಹೇಳಿಕೊಳ್ಳಬೇಕಾಗಿ ಬಂದರೆ ನಾಚಿಕೊಳ್ಳಬೇಕಾದ್ದು ಏನಿದೆ?

ದಾವೀದನಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೆತ್ಸೇಮನೆ, ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಸ್ವಾಮಿ ಪ್ರಾರ್ಥಿಸಿದ ಜಾಗ. ಆ ರಾತ್ರಿಯನ್ನು ದಯವಿಟ್ಟು ಅವಸರ ಮಾಡದೆ ಓದಿ. ಯೇಸು ಸ್ವಾಮಿ ನಡುಗುತ್ತಾರೆ. ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಅಂತ ಬಾಯಿಬಿಟ್ಟು ಹೇಳುತ್ತಾರೆ. ಮೂರು ಜನ ಸ್ನೇಹಿತರನ್ನು ಕರೆದುಕೊಂಡು ಹೋಗಿ, ಎಚ್ಚರವಾಗಿರಿ ಅಂತ ಕೇಳಿಕೊಳ್ಳುತ್ತಾರೆ. ಸಾಧ್ಯವಾದರೆ ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರವಾಗಲಿ ಅಂತ ಬೇಡುತ್ತಾರೆ. ಆ ಪ್ರಾರ್ಥನೆಯಲ್ಲಿ ವಿಶ್ವಾಸ ಕಡಿಮೆ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ಎರಡು ಸಣ್ಣ ಸಂಗತಿಗಳನ್ನು ನಾನು ಬಹಳ ವರ್ಷ ಗಮನಿಸಿರಲಿಲ್ಲ. ಒಂದು, ಸ್ವಾಮಿ ಅದೇ ಮಾತನ್ನು ಮತ್ತೆ ಮತ್ತೆ ಪ್ರಾರ್ಥಿಸಿದರು ಅಂತ ಮತ್ತಾಯ, ಮಾರ್ಕ ಇಬ್ಬರೂ ಬರೆದಿದ್ದಾರೆ. ಹೊಸ ಮಾತು ಹುಡುಕಲಿಲ್ಲ. ಹಾಗಾಗಿ ರಾತ್ರಿ ನಿಮ್ಮ ಬಾಯಲ್ಲಿ ಒಂದೇ ಸಾಲು ಬರುತ್ತಿದ್ದರೆ ಅದೇ ಸಾಕು. ಇನ್ನೊಂದು, ಲೂಕ 22ರಲ್ಲಿ ದೂತನು ಬಂದು ಬಲಪಡಿಸಿದ ಅಂತಿದೆ. ಅದರ ಮುಂದಿನ ವಚನ ನೋಡಿ. ಬಲ ಬಂದ ಮೇಲೂ ಸಂಕಟ ಇದೆ, ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳುತ್ತಿದೆ, ಇನ್ನೂ ಜಾಸ್ತಿ ಆಸಕ್ತಿಯಿಂದ ಪ್ರಾರ್ಥನೆ ಮಾಡುತ್ತಿದ್ದಾರೆ. ದೇವರು ಬಲ ಕೊಟ್ಟರೆ ಹೆದರಿಕೆ ತಕ್ಷಣ ಮಾಯವಾಗಬೇಕು ಅಂತ ನಾವೇ ಅಂದುಕೊಂಡಿದ್ದೇವೆ. ಬಲ ಬಂದಿದ್ದು ಪ್ರಾರ್ಥನೆ ಮುಂದುವರಿಸುವುದಕ್ಕೆ.

ಹಿಡಿದುಕೊಳ್ಳುವುದು ಹೇಗೆ ಅಂತ ಕೇಳಿದಿರಿ. ನಾನು ಮಾಡುವುದನ್ನು ಹೇಳುತ್ತೇನೆ. ರಾತ್ರಿ ಎಚ್ಚರವಾದರೆ ಮಲಗಿಕೊಂಡೇ ಹೆದರಿಕೆಯ ಜೊತೆ ಹೋರಾಡಬೇಡಿ. ಎದ್ದು ಕೂತು ಕಾಲು ನೆಲಕ್ಕೆ ಊರಿ. ಹೆದರಿಕೆ ಏನು ಅಂತ ದೇವರಿಗೆ ಸರಿಯಾಗಿ ಹೇಳಿ. ಕರ್ತನೇ ನನ್ನನ್ನು ಕಾಪಾಡು ಅಂತ ಒಟ್ಟಾರೆ ಹೇಳುವುದಕ್ಕಿಂತ, ಕರ್ತನೇ, ನನ್ನ ಹೃದಯ ಮತ್ತೆ ಶುರುವಾಗದೇ ಹೋದರೆ ಅಂತ ಭಯ, ನನ್ನ ಮನೆಯವರು ಏನು ಮಾಡುತ್ತಾರೆ ಅಂತ ಭಯ, ಹೀಗೆ. ಬಾಯಿಬಿಟ್ಟೇ ಹೇಳಿ. ಮನಸ್ಸಿನಲ್ಲೇ ಇದ್ದರೆ ಅದು ಸುತ್ತುತ್ತಲೇ ಇರುತ್ತದೆ. ಆಮೇಲೆ ಕೀರ್ತನೆಯ ಆ ಒಂದು ಸಾಲು. ಉಸಿರು ಒಳಗೆ ತೆಗೆದುಕೊಳ್ಳುವಾಗ, ಹೆದರಿಕೆ ಆದಾಗ. ಹೊರಗೆ ಬಿಡುವಾಗ, ನಿನ್ನನ್ನೇ ನಂಬುತ್ತೇನೆ. ಬಿಡುವ ಉಸಿರು ಉದ್ದ ಇರಲಿ. ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟರೆ ಎದೆಬಡಿತವೂ ನಿಧಾನವಾಗುತ್ತದೆ. ದೇವರು ನಮ್ಮ ಮೈಯನ್ನು ಹಾಗೆ ಮಾಡಿದ್ದಾನೆ. ಅದನ್ನು ಬಳಸಿಕೊಳ್ಳೋಣ.

ಇನ್ನೊಂದು, ಎಚ್ಚರವಾಗುವ ಹೊತ್ತಿನ ಬಗ್ಗೆ. ಇದನ್ನು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಜನ ಆಮೇಲೆ ಹೇಳುತ್ತಾರೆ. ಐಸಿಯುನಲ್ಲಿ ಕಣ್ಣು ಬಿಡುವ ಮೊದಲೇ ಮಾತುಗಳು ಕೇಳಿಸುತ್ತವೆ. ಗಂಟಲಲ್ಲಿ ಉಸಿರಾಟದ ಟ್ಯೂಬ್ ಇರುತ್ತದೆ, ಹಾಗಾಗಿ ಮಾತಾಡಲು ಆಗುವುದಿಲ್ಲ. ಅದನ್ನು ಎಳೆದುಕೊಳ್ಳಬಾರದು ಅಂತ ಕೆಲವು ಕಡೆ ಕೈಗಳನ್ನು ಮೆತ್ತಗೆ ಕಟ್ಟಿರುತ್ತಾರೆ. ಏನೋ ತಪ್ಪಾಗಿದೆ ಅಂತ ಗಾಬರಿಯಾಗಬೇಡಿ, ನೀವು ಸ್ವಂತವಾಗಿ ಚೆನ್ನಾಗಿ ಉಸಿರಾಡಲು ಶುರು ಮಾಡಿದ ಮೇಲೆ ಟ್ಯೂಬ್ ತೆಗೆಯುತ್ತಾರೆ. ಮನೆಗೆ ಬಂದ ಮೇಲೂ ಕೆಲವು ದಿನ ಸುಮ್ಮಸುಮ್ಮನೆ ಅಳು ಬರಬಹುದು, ಕೆಟ್ಟ ಕನಸು ಬೀಳಬಹುದು, ಪ್ರಾರ್ಥನೆ ಒಣಗಿದ ಹಾಗೆ ಅನಿಸಬಹುದು. ಹಾರ್ಟ್ ಆಪರೇಷನ್ ಆದವರಲ್ಲಿ ಇದು ತುಂಬಾ ಸಾಮಾನ್ಯ. ಆಗ ಮತ್ತೆ ವಿಶ್ವಾಸ ಹೋಯಿತು ಅಂತ ಲೆಕ್ಕ ಹಾಕಲು ಕೂರಬೇಡಿ. ಜಾಸ್ತಿ ದಿನ ಹಾಗೇ ಇದ್ದರೆ ಡಾಕ್ಟರ್‌ಗೆ ಹೇಳಿ.

ಥಿಯೇಟರ್ ಒಳಗೆ ಹೋಗುವ ಮುಂಚೆ ನಾವು ಮೊಣಕೈವರೆಗೂ ಕೈ ತೊಳೆಯುತ್ತೇವೆ, ಕೆಲವು ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಒಳಗೆ ಮಲಗಿರುವವರ ಹೆಸರು ಹೇಳಿ ನಾನು ಪ್ರಾರ್ಥಿಸುತ್ತೇನೆ. ಅವರು ಯಾವ ಧರ್ಮದವರೇ ಆಗಿರಲಿ. ಅವರಿಗೆ ಅದು ಗೊತ್ತಿರುವುದೂ ಇಲ್ಲ.

ಸಭೆಯ ಸೇವಕ:

ತಂಗೀ, ನಾನೊಬ್ಬ ಸಭಾಪಾಲಕ, ಅಂದರೆ ಪಾಸ್ಟರ್. ಸಿಸ್ಟರ್ ಬರೆದಿದ್ದಕ್ಕೆ ಹೆಚ್ಚು ಸೇರಿಸಬೇಕಾಗಿಲ್ಲ. ನೀವು ಕೇಳಿದ ದೋಣಿಯ ಕಥೆಯ ಬಗ್ಗೆ ಮಾತ್ರ ಎರಡು ಮಾತು.

ಮಾರ್ಕ 4ರಲ್ಲಿ ಕ್ರಮ ಗಮನಿಸಿ. ಶಿಷ್ಯರು ಹೆದರಿದರು, ಹೆದರಿ ಯಾರ ಹತ್ತಿರ ಹೋದರು? ಸ್ವಾಮಿಯ ಹತ್ತಿರವೇ. ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವಾ ಅಂತ ಒರಟಾಗಿಯೇ ಕೇಳಿದರು. ಸ್ವಾಮಿ ಎದ್ದು ಮೊದಲು ಗಾಳಿಯನ್ನು ಗದರಿಸಿದರು. ಯಾಕೆ ಹೆದರುತ್ತೀರಿ ಅಂತ ಕೇಳಿದ್ದು ಸಮುದ್ರ ಶಾಂತವಾದ ಮೇಲೆ. ನಂಬಿಕೆ ಸರಿಯಾಗುವ ತನಕ ಮುಳುಗಿ ಅಂತ ಬಿಡಲಿಲ್ಲ. ನೀವೂ ರಾತ್ರಿ ಎದ್ದು ಅವರನ್ನೇ ಕರೆಯುತ್ತಿದ್ದೀರಿ. ಆ ಶಿಷ್ಯರು ಮಾಡಿದ್ದೂ ಅದನ್ನೇ.

ಜಯಧ್ವನಿ ಬ್ರದರ್, ನೀವು ಕೊಟ್ಟ ವಾಕ್ಯ ನನಗೂ ಪ್ರಿಯ. ಅದರ ಮುಂದಿನ ವಚನವನ್ನೂ ಸೇರಿಸಿ ಓದೋಣ. ಅಪೊಸ್ತಲ ಪೌಲ ಜೈಲಿನಿಂದ ತನ್ನ ಶಿಷ್ಯ ತಿಮೊಥೆಗೆ ಬರೆಯುತ್ತಿದ್ದಾನೆ. ಕರ್ತನ ಸಾಕ್ಷಿ ಹೇಳುವುದಕ್ಕೂ, ಸೆರೆಯಲ್ಲಿರುವ ನನ್ನ ವಿಷಯಕ್ಕೂ ನಾಚಿಕೊಳ್ಳಬೇಡ ಅನ್ನುತ್ತಾನೆ. ಸುವಾರ್ತೆಗಾಗಿ ಹಿಂಜರಿಯಬೇಡ ಅನ್ನುವ ಮಾತು ಅದು. ಕಾಯಿಲೆಯ ಮುಂದೆ ನಡುಗುವವರಿಗೆ ದೇವರಾತ್ಮ ಇಲ್ಲ ಅಂತ ಅಲ್ಲಿ ಹೇಳಿಲ್ಲ. ಅದೇ ಪೌಲ 2 ಕೊರಿಂಥ 7:5ರಲ್ಲಿ, ಹೊರಗೆ ಜಗಳ, ಒಳಗೆ ಭಯ ಅಂತ ತನ್ನ ಬಗ್ಗೆಯೇ ಬರೆದಿದ್ದಾನೆ. ಅಲ್ಲಿ ದೇವರು ಅವನನ್ನು ಸಂತೈಸಿದ್ದು ಹೇಗೆ ಗೊತ್ತಾ? ತೀತನನ್ನು ಕಳಿಸಿ. ಒಬ್ಬ ಸ್ನೇಹಿತ ಬಂದ, ಅಷ್ಟೇ.

ಮೆಥಡಿಸ್ಟ್ ಪಂಗಡಕ್ಕೆ ಬುನಾದಿ ಹಾಕಿದ ಇಂಗ್ಲೆಂಡಿನ ಜಾನ್ ವೆಸ್ಲಿಯ ವಿಷಯವನ್ನು ನಾನು ಹೆದರಿದವರಿಗೆ ಆಗಾಗ ಹೇಳುತ್ತೇನೆ. 1736ರ ಜನವರಿಯಲ್ಲಿ ಅವರು ಹಡಗಿನಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದರು. ಆಗಲೇ ದೀಕ್ಷೆ ಪಡೆದ ಬೋಧಕರು. ದೊಡ್ಡ ಬಿರುಗಾಳಿ ಎದ್ದಿತು. ಹಡಗಿನಲ್ಲಿದ್ದ ಮೊರಾವಿಯನ್ ಪಂಗಡದ ಜರ್ಮನ್ ವಿಶ್ವಾಸಿಗಳು ಕೀರ್ತನೆ ಹಾಡುತ್ತಿದ್ದಾಗ ಅಲೆ ಅಪ್ಪಳಿಸಿ ದೊಡ್ಡ ಹಾಯಿ ಚೂರುಚೂರಾಯಿತು, ನೀರು ಡೆಕ್‌ಗಳ ನಡುವೆ ನುಗ್ಗಿತು. ಇಂಗ್ಲಿಷಿನವರು ಕಿರುಚಿಕೊಂಡರು. ಇವರು ಹಾಡು ನಿಲ್ಲಿಸಲಿಲ್ಲ. ನಿಮಗೆ ಹೆದರಿಕೆ ಆಗಲಿಲ್ಲವಾ ಅಂತ ವೆಸ್ಲಿ ಆಮೇಲೆ ಒಬ್ಬನನ್ನು ಕೇಳಿದರು. ಇಲ್ಲ, ದೇವರಿಗೆ ಸ್ತೋತ್ರ ಅಂದ. ನಿಮ್ಮ ಹೆಂಗಸರು, ಮಕ್ಕಳು? ಅವರಿಗೂ ಸಾಯುವ ಭಯ ಇಲ್ಲ ಅಂದ.

ಇಷ್ಟಕ್ಕೇ ಕಥೆ ನಿಲ್ಲಿಸಿದರೆ ನಿಮ್ಮಂಥವರಿಗೆ ಇನ್ನೂ ಭಾರವಾಗುತ್ತದೆ. ವೆಸ್ಲಿಗೆ ಆ ಧೈರ್ಯ ಆಗ ಸಿಗಲಿಲ್ಲ. 1738ರ ಮೇ 24ರಂದು ಲಂಡನ್ನಿನ ಒಂದು ಚಿಕ್ಕ ಕೂಟದಲ್ಲಿ, ತನ್ನ ರಕ್ಷಣೆಗೆ ಕ್ರಿಸ್ತನನ್ನು ಮಾತ್ರ ನಂಬಿದ್ದೇನೆ ಅನ್ನುವ ಭರವಸೆ ಅವರಿಗೆ ಬಂತು. ಅದೇ ರಾತ್ರಿ ಮನೆಗೆ ಹೋದ ಮೇಲೆ ಶೋಧನೆಗಳು ಮತ್ತೆ ಮತ್ತೆ ಬಂದವು ಅಂತ ಅವರೇ ದಿನಚರಿಯಲ್ಲಿ ಬರೆದಿದ್ದಾರೆ. ಹಡಗಿನಲ್ಲಿ ಹಾಡಿದವರೂ ದೇವರ ಮಕ್ಕಳೇ, ಮನೆಗೆ ಹೋಗಿ ಶೋಧನೆಯಲ್ಲಿ ದೇವರನ್ನು ಕೂಗಿಕೊಂಡವರೂ ದೇವರ ಮಕ್ಕಳೇ.

ಒಂದು ವಿಷಯ ಮಾತ್ರ ಸಭಾಪಾಲಕನಾಗಿ ಹೇಳಲೇಬೇಕು. ಆಪರೇಷನ್ ಖಂಡಿತ ಚೆನ್ನಾಗಿ ಆಗುತ್ತದೆ ಅಂತ ನಾನು ದೇವರ ಹೆಸರಿನಲ್ಲಿ ಮಾತು ಕೊಡುವುದಿಲ್ಲ. ಹಾಗಾಗಲಿ ಅಂತ ಬೇಡುತ್ತೇನೆ, ಮನಸಾರೆ ಬೇಡುತ್ತೇನೆ. ಆದರೆ ದಾನಿಯೇಲನ ಗ್ರಂಥದ ಆ ಮೂವರು ಯುವಕರು ಬೆಂಕಿಯ ಮುಂದೆ ನಿಂತು ಅರಸನಿಗೆ ಎರಡು ಮಾತು ಹೇಳಿದರು. ನಮ್ಮ ದೇವರು ಬಿಡಿಸಬಲ್ಲ. ಬಿಡಿಸದೇ ಹೋದರೂ ನಾವು ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ. ಎರಡನೆಯ ಮಾತಿಗೆ ನಾವು ಸಾಮಾನ್ಯವಾಗಿ ಹೋಗುವುದೇ ಇಲ್ಲ. ರಾತ್ರಿ ಕಾಡುವ ಪ್ರಶ್ನೆ ಅದೇ ಅಲ್ವಾ? ಆಗದೇ ಹೋದರೆ? ಯೇಸು ಮರಣವನ್ನು ಹಾದು ಹೋಗಿದ್ದು ಮರಣಭಯದಲ್ಲೇ ಜೀವನ ಸವೆಸುವವರನ್ನು ಬಿಡಿಸುವುದಕ್ಕೆ ಅಂತ ಇಬ್ರಿಯ 2:14–15ರಲ್ಲಿದೆ. ಆ ಪ್ರಶ್ನೆಯನ್ನು ಅದುಮಿಡಬೇಡಿ. ನಿಮ್ಮ ಸಭೆಯ ಅಯ್ಯನವರ ಹತ್ತಿರ ಕೂತು ಅದನ್ನೇ ಮಾತಾಡಿ. ಆಪರೇಷನ್‌ಗೆ ಮುಂಚೆ ಕರ್ತನ ಭೋಜನ ತೆಗೆದುಕೊಳ್ಳಬೇಕು ಅನಿಸಿದರೆ ಸಂಕೋಚವಿಲ್ಲದೆ ಕೇಳಿ, ಮನೆಗೇ ಬಂದು ಕೊಡುತ್ತಾರೆ.

ಹೊರಗೆ ಕಾದವನು:

ಅಕ್ಕ, ನಾನು ಬರೆಯುವುದು ಕಡಿಮೆ. ಪ್ರಾರ್ಥನೆ ಮಾಡಲಾಗದ ಹೊತ್ತಿನ ಬಗ್ಗೆ ನೀವು ಕೇಳಿದ್ದನ್ನು ಓದಿ ಬರೆಯಬೇಕು ಅನಿಸಿತು.

ನನ್ನ ಹೆಂಡತಿಗೆ ಬೈಪಾಸ್ ಆದಾಗ ನಾನು ಥಿಯೇಟರ್ ಹೊರಗೆ ಕೂತಿದ್ದೆ. ಅವಳಿಗೆ ಎಚ್ಚರವಿರಲಿಲ್ಲ, ಪ್ರಾರ್ಥನೆ ಮಾಡಲು ಆಗುತ್ತಿರಲಿಲ್ಲ. ಎಚ್ಚರವಿದ್ದ ನನಗೂ ಆಗಲಿಲ್ಲ. ಬೈಬಲ್ ತೊಡೆಯ ಮೇಲಿತ್ತು, ಅಕ್ಷರ ಕಣ್ಣಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಬಾಗಿಲು ತೆರೆದಾಗಲೆಲ್ಲಾ ಎದ್ದು ನಿಲ್ಲುತ್ತಿದ್ದೆ. ಸಭೆಯ ಒಬ್ಬ ಸ್ನೇಹಿತ ಬಂದು ಪಕ್ಕದಲ್ಲಿ ಕೂತ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ತೊಡೆಯ ಮೇಲಿದ್ದ ಬೈಬಲ್ ತೆಗೆದುಕೊಂಡು ಮೆಲ್ಲಗೆ ಓದಲು ಶುರು ಮಾಡಿದ. ಮಾರ್ಕ 2. ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತುಕೊಂಡು ಬರುತ್ತಾರಲ್ಲ, ಜನಜಂಗುಳಿಯಲ್ಲಿ ಒಳಗೆ ಹೋಗಲು ಆಗದೆ ಮಾಳಿಗೆ ಕಿತ್ತು ಹಾಸಿಗೆ ಸಮೇತ ಇಳಿಸುತ್ತಾರಲ್ಲ, ಅದು. ಯೇಸು ಅವರ ನಂಬಿಕೆಯನ್ನು ನೋಡಿ ಅಂತ ಓದಿ ನಿಲ್ಲಿಸಿದ. ಅವರ ನಂಬಿಕೆ. ರೋಗಿ ಬಾಯಿ ಬಿಟ್ಟು ಏನಾದರೂ ಹೇಳಿದ ಅಂತ ಅಲ್ಲಿ ಬರೆದಿಲ್ಲ.

ಅವತ್ತು ನನ್ನ ಹೆಂಡತಿಯನ್ನು ಹೊತ್ತವರು ಬೇರೆಯವರು. ನನ್ನನ್ನೂ ಅವರೇ ಹೊತ್ತರು. ನಿಮಗೆ ದೇವರ ಹೆಸರು ಹೇಳಲು ಆಗದ ಹೊತ್ತಿನಲ್ಲಿ ಬೇರೆಯವರು ಹೇಳುತ್ತಿರುತ್ತಾರೆ. ಅವರೂ ಸೋತರೆ, ಮಾತೇ ಇಲ್ಲದ ನರಳಾಟದಲ್ಲಿ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಅಂತ ರೋಮ 8:26ರಲ್ಲಿದೆ. ದಿನಾ ರಾತ್ರಿ ನಿದ್ದೆ ಮಾಡುವಾಗಲೂ ನಾವು ಪ್ರಾರ್ಥನೆ ಮಾಡುತ್ತಿರುವುದಿಲ್ಲ. ಆಗ ನಮ್ಮನ್ನು ಕಾಯುವವನು ತೂಕಡಿಸುವುದೂ ಇಲ್ಲ, ನಿದ್ರಿಸುವುದೂ ಇಲ್ಲ ಅಂತ 121ನೇ ಕೀರ್ತನೆ ಹೇಳುತ್ತದೆ.

ಒಂದು ಕೆಲಸ ಮಾಡಿ. ನಿಮ್ಮ ಮನೆಯವರ ಜೊತೆ ಆವತ್ತು ಹೊರಗೆ ಕೂರುವುದು ಯಾರು ಅಂತ ಈಗಲೇ ಗೊತ್ತು ಮಾಡಿ. ಜಾಸ್ತಿ ಮಾತಾಡುವವರನ್ನು ಕರೆಯಬೇಡಿ. ಸುಮ್ಮನೆ ಕೂರುವವರು ಬೇಕು. ಅವರಿಗೂ ಹೆದರಿಕೆ ಇರುತ್ತದೆ ಅಕ್ಕ, ನಿಮ್ಮ ಮುಂದೆ ತೋರಿಸಿಕೊಳ್ಳುವುದಿಲ್ಲ, ಅಷ್ಟೇ.

ಜಯಧ್ವನಿ:

ಅಯ್ಯನವರೇ, ಆ ಎರಡು ವಚನ ಸೇರಿಸಿ ಓದಿದೆ. 2 ಕೊರಿಂಥ 7ನ್ನೂ ಓದಿದೆ. ವಂದನೆಗಳು. ಸಿಸ್ಟರ್, ನಮ್ಮ ಪ್ರಾರ್ಥನೆ ನಿಲ್ಲುವುದಿಲ್ಲ. ಆ ದಿನ ಉಪವಾಸ ಇಟ್ಟುಕೊಳ್ಳುತ್ತೇವೆ.

ಹಸಿರುಗಾವಲು:

ಎಲ್ಲರಿಗೂ ಹೇಗೆ ವಂದನೆ ಹೇಳಲಿ. ಓದಿ ಓದಿ ಅತ್ತೆ.

ಸಿಸ್ಟರ್, ಡಾಕ್ಟರ್‌ಗೆ ಫೋನ್ ಮಾಡಿದೆ. ನಾಳೆ ಬಂದು ತೋರಿಸಿ ಅಂದಿದ್ದಾರೆ, ಎಕೋ, ಅಂದರೆ ಹೃದಯದ ಸ್ಕ್ಯಾನ್, ಮತ್ತೆ ಮಾಡುತ್ತಾರಂತೆ.

ರಾತ್ರಿ ಎದ್ದು ಕೂತು ನೀವು ಹೇಳಿದ ಹಾಗೆ ಬಾಯಿಬಿಟ್ಟು ಹೇಳಿದೆ. ಹೇಳುತ್ತಾ ಹೋದಾಗ ಗೊತ್ತಾಯಿತು, ನನಗೆ ಸಾಯುವುದಕ್ಕಿಂತ ಮಗಳ ವಿಷಯಕ್ಕೇ ಜಾಸ್ತಿ ಭಯ. ಅವಳಿಗಿನ್ನೂ ಮದುವೆಯಾಗಿಲ್ಲ, ಎಲ್ಲದಕ್ಕೂ ನನ್ನನ್ನೇ ಕೇಳುತ್ತಾಳೆ. ಇದನ್ನು ನಾನು ಪ್ರಾರ್ಥನೆಯಲ್ಲಿ ಒಂದು ಸಲವೂ ಹೇಳಿರಲಿಲ್ಲ. ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಅವಳಿಗೂ ಹೇಳಿದೆ. ಅವಳೂ ರಾತ್ರಿ ಮಲಗುತ್ತಿಲ್ಲವಂತೆ. ಇಬ್ಬರೂ ಕೂತು 56ನೇ ಕೀರ್ತನೆ ಓದಿದೆವು. ಹೆದರಿಕೆ ಇದೆ. ಆದರೆ ವಿಶ್ವಾಸ ಸುಳ್ಳಾ ಅನ್ನುವ ಎರಡನೆಯ ಹೆದರಿಕೆ ಈಗ ಇಲ್ಲ. ಅದು ಇಳಿದಿದ್ದಕ್ಕೇ ಎಷ್ಟೋ ಹಗುರವಾಗಿದೆ.

ಸಿಸ್ಟರ್, ಎರಡು ಸಣ್ಣ ಪ್ರಶ್ನೆ. ನನ್ನ ಕುತ್ತಿಗೆಯಲ್ಲಿ ಅಮ್ಮ ಕೊಟ್ಟ ಶಿಲುಬೆಯ ಸರ ಇದೆ. ಅದನ್ನು ಹಾಕಿಕೊಂಡೇ ಒಳಗೆ ಹೋಗಬಹುದಾ? ಮತ್ತೆ, ಹೆದರಿಕೆಗೆ ಮಾತ್ರೆ ಕೊಡುತ್ತಾರಂತೆ. ತೆಗೆದುಕೊಳ್ಳಬಹುದಾ, ಅಥವಾ ಪ್ರಾರ್ಥನೆಯಲ್ಲೇ ಇರಬೇಕಾ?

ಓಟಿ ಸಿಸ್ಟರ್:

ಎಕೋ ಮಾಡಿಸುವುದು ಒಳ್ಳೆಯದಾಯಿತು ಅಕ್ಕ.

ಸರ ತೆಗೆಯಲೇಬೇಕು. ನಿಮ್ಮ ಆಪರೇಷನ್‌ನಲ್ಲಿ ಕುತ್ತಿಗೆಯ ರಕ್ತನಾಳಕ್ಕೂ ಲೈನ್, ಅಂದರೆ ಸಣ್ಣ ಕೊಳವೆ, ಹಾಕುತ್ತಾರೆ, ಆ ಜಾಗ ಖಾಲಿ ಇರಬೇಕು. ರಕ್ತ ನಿಲ್ಲಿಸಲು ಕರೆಂಟ್‌ನ ಉಪಕರಣ ಬಳಸುವುದರಿಂದ ಮೈಮೇಲೆ ಲೋಹ ಇದ್ದರೆ ಸುಡುವ ಅಪಾಯವೂ ಇದೆ. ಉಂಗುರ, ಬಳೆಗಳನ್ನೂ ಹಿಂದಿನ ದಿನವೇ ತೆಗೆದಿಡಿ. ಆಪರೇಷನ್ ಆದ ಮೇಲೆ ಕೈ ಊದಿಕೊಳ್ಳಬಹುದು, ಆಗ ಉಂಗುರ ಕತ್ತರಿಸಬೇಕಾಗಬಹುದು. ಸರವನ್ನು ವಾರ್ಡ್‌ನಲ್ಲಿ ಬಿಡಬೇಡಿ, ಮಗಳ ಕೈಗೆ ಕೊಡಿ, ಅವಳೇ ಹಾಕಿಕೊಂಡು ಹೊರಗೆ ಕೂರಲಿ.

ಮಾತ್ರೆ ಖಂಡಿತ ತೆಗೆದುಕೊಳ್ಳಬಹುದು. ಪ್ರವಾದಿ ಎಲೀಯನನ್ನು ನೆನೆಸಿಕೊಳ್ಳಿ, 1 ಅರಸುಗಳು 19. ರಾಣಿ ಈಜೆಬೆಲಳಿಗೆ ಹೆದರಿ ಓಡಿ ಓಡಿ, ಸಾಕು ಕರ್ತನೇ, ಪ್ರಾಣ ತೆಗೆದುಬಿಡು ಅಂತ ಒಂದು ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವರು ಮೊದಲು ಬೋಧನೆ ಕೊಡಲಿಲ್ಲ. ನಿದ್ದೆ ಕೊಟ್ಟ. ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಲು ಬಿಟ್ಟ. ಮಾತಾಡಿದ್ದು ಆಮೇಲೆ. ನಿಮಗೂ ನಿದ್ದೆ ಬೇಕು.

ಆದರೆ ಮನೆಯಲ್ಲಿರುವ ಯಾವುದೋ ನಿದ್ದೆ ಮಾತ್ರೆ ನುಂಗಬೇಡಿ. ವಾಲ್ವ್ ಕಿರಿದಾಗಿರುವಾಗ ಬಿಪಿ ಕುಸಿದರೆ ಕಷ್ಟ. ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರ್ ನಿಮ್ಮನ್ನು ನೋಡಲು ಬರುತ್ತಾರೆ. ಎಲ್ಲಾ ಸರಿ ಇದೆ ಅಂತ ನಗುನಗುತ್ತಾ ಕಳಿಸಿಬಿಡಬೇಡಿ. ತುಂಬಾ ಹೆದರಿಕೆ ಇದೆ ಡಾಕ್ಟರ್, ನಿದ್ದೆ ಬರುತ್ತಿಲ್ಲ ಅಂತ ನೇರವಾಗಿ ಹೇಳಿ. ಯಾವುದು, ಎಷ್ಟು, ಯಾವಾಗ ಕೊಡಬೇಕು ಅಂತ ಅವರೇ ನೋಡಿ ಬರೆಯುತ್ತಾರೆ. ಈಗಾಗಲೇ ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಪಟ್ಟಿ ಬರೆದು ನಾಳೆಯೇ ಜೊತೆಗೆ ಒಯ್ಯಿರಿ.